‘ಸ್ವಲ್ಪ ತಿಂದರೆ ಏನಾಗುತ್ತದೆ?’

ನಾನಿರುವ ಇಂಗ್ಲೆಂಡಿನ ಹೋಟೆಲುಗಳಲ್ಲಿ ತಿಂಡಿ ಹೇಳುವ ಮೊದಲೇ ಅಲರ್ಜಿ ಇದೆಯೇ ಎಂದು ಕೇಳುತ್ತಾರೆ. ನಮ್ಮ ಮದುವೆಮನೆಗಳಲ್ಲಿ ಬೇಡವೆಂದವರಿಗೆ ಇನ್ನೊಂದು ಸೌಟು ಬಡಿಸುವುದೇ ಉಪಚಾರ. ‘ಸ್ವಲ್ಪ ತಿಂದರೆ ಏನಾಗುತ್ತದೆ?’ ಎಂಬ ಒತ್ತಾಯ ಬೇರೆ. ಆ ಮಾತು ಕೆಲವರಿಗೆ ನಿಜ, ಕೆಲವರಿಗೆ ಪ್ರಾಣಾಪಾಯ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಜನರಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಸಾಲುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಕಾಫಿಯ ಹಾಲು, ಒಂದಿಷ್ಟು ಮೊಸರು ದಕ್ಕುತ್ತದೆ. ಹಾಲಿನ ಪ್ರೋಟೀನಿಗೇ ಅಲರ್ಜಿಯಿರುವ ಮಗುವಿನ ಮೈಯಾದರೋ ಅದನ್ನು ಶತ್ರುವೆಂದು ತಿಳಿದು ಕೆರಳುತ್ತದೆ: ಗಂಧೆ, ತುಟಿಯ ಊತ, ಕೆಲವೊಮ್ಮೆ ಉಸಿರುಗಟ್ಟಿ ರಕ್ತದೊತ್ತಡವೇ ಕುಸಿಯುವುದು. ಮಜ್ಜಿಗೆಹುಳಿಯ ಸೌಟನ್ನು ಸಾರಿಗೆ ಅದ್ದಿದರೂ ಸಾಕಾಗಬಹುದು. ಆಗ ಬೇಕಾದದ್ದು ತಕ್ಷಣ ಅಡ್ರಿನಲಿನ್ ಚುಚ್ಚುಮದ್ದು, ಜೀರಿಗೆ ಕಷಾಯವಲ್ಲ.

ಬಂಗುಡೆ ತಿಂದು ಮುಖ ಕೆಂಪೇರಿ ತುರಿಕೆಯಾದರೆ ಅದೂ ಅಲರ್ಜಿಯೇ ಆಗಬೇಕೆಂದಿಲ್ಲ. ಸರಿಯಾಗಿ ತಣ್ಣಗಿಡದ ಮೀನಿನಲ್ಲಿ ಬ್ಯಾಕ್ಟೀರಿಯಾಗಳು ಅಲರ್ಜಿಯಂಥದೇ ಲಕ್ಷಣ ತರುವ ಹಿಸ್ಟಮೈನ್ ಎಂಬ ರಾಸಾಯನಿಕವನ್ನು ಉಂಟುಮಾಡುತ್ತವೆ, ಬೇಯಿಸಿದರೂ ಅದು ಹೋಗುವುದಿಲ್ಲ. ಯಾವುದು ಯಾವುದೆಂದು ವೈದ್ಯರೇ ತೀರ್ಮಾನಿಸಬೇಕು.

ಇಲ್ಲಿಯವರೇನೂ ಸರ್ವಜ್ಞರಲ್ಲ. ಈರುಳ್ಳಿ ಇಷ್ಟವಿಲ್ಲದವರೂ ಅಲರ್ಜಿ ಎಂದುಬಿಡುತ್ತಾರೆ. ಅಂಥವರಿಂದಾಗಿ ನಿಜವಾದ ರೋಗಿಯ ಮಾತು ಅಡುಗೆಮನೆಯಲ್ಲಿ ಹಗುರವಾಗುತ್ತದೆ. ಅಂಚೆಯಲ್ಲಿ ತರಿಸಿಕೊಂಡ, ಐಜಿಜಿ ಎಂಬ ಪ್ರತಿಕಾಯವನ್ನು ಅಳೆಯುವ ರಕ್ತಪರೀಕ್ಷೆಯನ್ನು ನಂಬಿ ಹತ್ತಾರು ಪದಾರ್ಥ ಬಿಡುವವರೂ ಇದ್ದಾರೆ. ಅದು ತೋರಿಸುವುದು ಆ ಆಹಾರದ ಪರಿಚಯ ಮೈಗಿದೆ ಎಂಬುದನ್ನಷ್ಟೇ.

ಆದರೂ ಇಲ್ಲಿನ ಕಾನೂನಿಗೆ ನನ್ನ ಮತ. ಎಳ್ಳಿನ ಅಲರ್ಜಿಯಿದ್ದ 15 ವರ್ಷದ ನತಾಶಾ ಎಂಬ ಹುಡುಗಿ, ಹಿಟ್ಟಿನಲ್ಲೇ ಎಳ್ಳು ಬೆರೆತಿದ್ದ ಬ್ರೆಡ್ ತಿಂದು 2016ರಲ್ಲಿ ತೀರಿಕೊಂಡಳು. ಪೊಟ್ಟಣದ ಮೇಲೆ ಎಳ್ಳಿನ ಸುಳಿವಿರಲಿಲ್ಲ. ಅವಳ ಸಾವಿನ ಬಳಿಕ ಬಂದ ಕಾನೂನಿನಂತೆ 2021ರ ಅಕ್ಟೋಬರಿನಿಂದ ಅಂಗಡಿಯಲ್ಲೇ ಕಟ್ಟಿಟ್ಟು ಮಾರುವ ತಿನಿಸಿಗೂ ಪೂರ್ತಿ ಪದಾರ್ಥಪಟ್ಟಿ ಕಡ್ಡಾಯ. ಎದ್ದುಕಾಣುವಂತೆ ಹೇಳಲೇಬೇಕಾದ 14 ಅಲರ್ಜಿಕಾರಕಗಳಲ್ಲಿ ಎಳ್ಳು, ಸಾಸಿವೆ ಎರಡೂ ಇವೆ. ಭಾರತದ 2020ರ ಲೇಬಲ್ ನಿಯಮದಲ್ಲಿರುವುದು ಎಂಟು ಗುಂಪು. ಎಳ್ಳೂ ಇಲ್ಲ, ಸಾಸಿವೆಯೂ ಇಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರುವ, ಸಾಸಿವೆಯಿಲ್ಲದೆ ಒಗ್ಗರಣೆ ಹಾಕದ ನಾಡಿಗೆ ಇದು ವಿಚಿತ್ರವೇ.

ಸೀಲಿಯಾಕ್ ಎಂಬ ಕಾಯಿಲೆ ಇರುವವರ ಪಾಡು ಇನ್ನೂ ಕಷ್ಟ. ಅದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಹೊಕ್ಕರೆ ದೇಹ ತನ್ನ ಕರುಳಿಗೇ ಹಾನಿ ಮಾಡಿಕೊಳ್ಳುತ್ತದೆ. ಅವರು ‘ಸಾರಿಗೆ ಯಾವ ಇಂಗು ಹಾಕಿದ್ದೀರಿ?’ ಎಂದರೆ ನಮ್ಮ ಅಡುಗೆಯವರು ನಗುತ್ತಾರೆ. ಎಷ್ಟೋ ಇಂಗಿನ ಡಬ್ಬಿಗಳ ಮೇಲೆ ಗೋಧಿಹಿಟ್ಟು ಎಂದು ಅಚ್ಚಾಗಿರುತ್ತದೆ.