ಕಟಕಟೆಯಲ್ಲಿ ನಿಂತ ನೋಟಿನ ಕಟ್ಟು

ಅಮೆರಿಕದ ನ್ಯಾಯಾಲಯಗಳ ಕಡತಗಳಲ್ಲಿ ‘ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ 1,24,700 ಡಾಲರ್ ನಗದು’ ಎಂಬ ಮೊಕದ್ದಮೆಯೊಂದಿದೆ. ಬೆರಳಚ್ಚುಗಾರನ ಅಜಾಗರೂಕತೆಯಿಂದ ಪ್ರತಿವಾದಿಯ ಹೆಸರು ಬಿಟ್ಟುಹೋಗಿದೆಯೆಂದು ಯಾರೂ ಭಾವಿಸಬಾರದು. ಪ್ರತಿವಾದಿ ಆ ಹಣವೇ. ಅದೇ ಕಡತಗಳಲ್ಲಿ ಇನ್ನಷ್ಟು ಹುಡುಕಿದರೆ ಸರ್ಕಾರವು ಸುಮಾರು 64,695 ಪೌಂಡು ಶಾರ್ಕ್ ಮೀನಿನ ರೆಕ್ಕೆಗಳ ಮೇಲೆ ಹೂಡಿದ ದಾವೆ ಸಿಗುತ್ತದೆ. ದಾರಕ್ಕೆ ಕಟ್ಟಿದ ಜೋಡಿಗುಂಡುಗಳ ಮಕ್ಕಳ ಆಟಿಕೆಯನ್ನು ತುಂಬಿದ್ದ 50,000 ರಟ್ಟಿನ ಡಬ್ಬಗಳ ಮೇಲೆ 1976ರಲ್ಲಿ ನಡೆದ ಮೊಕದ್ದಮೆಯೂ ಸಿಗುತ್ತದೆ. ಭೂಮಂಡಲದ ಅತಿ ಬಲಿಷ್ಠ ಸರ್ಕಾರವು ಒಂದು ಕಡೆ, ರಟ್ಟಿನ ಡಬ್ಬಗಳು ಇನ್ನೊಂದು ಕಡೆ ನಿಂತು ಕಾದಾಡಿದ ಈ ಧರ್ಮಯುದ್ಧಗಳ ಫಲಿತಾಂಶವೂ ಒಂದೇ ಬಗೆಯದಲ್ಲ. ಶಾರ್ಕ್ ರೆಕ್ಕೆಗಳು 2008ರಲ್ಲಿ ಮೇಲ್ಮನವಿಯಲ್ಲಿ ಗೆದ್ದವು. ಡಾಲರ್ ನೋಟುಗಳಿಗೆ ಆ ಅದೃಷ್ಟವಿರಲಿಲ್ಲ.

ಆ ನೋಟುಗಳ ಕಥೆ ಹೀಗಿದೆ. 2003ರ ಮೇ ತಿಂಗಳಿನಲ್ಲಿ ನೆಬ್ರಾಸ್ಕಾದ ಹೆದ್ದಾರಿಯಲ್ಲಿ ಬಾಡಿಗೆ ಕಾರೊಂದನ್ನು ವೇಗದ ಮಿತಿ ಮೀರಿದ್ದಕ್ಕಾಗಿ ಪೊಲೀಸರು ನಿಲ್ಲಿಸಿದರು. ಕಾರಿನಲ್ಲಿ ತಂಪುಪೆಟ್ಟಿಗೆಯೊಂದಿತ್ತು, ಪೆಟ್ಟಿಗೆಯೊಳಗೆ ರಬ್ಬರ್ ಬ್ಯಾಂಡ್ ಸುತ್ತಿದ ನೋಟಿನ ಕಟ್ಟುಗಳಿದ್ದವು. ಬಂಧುಮಿತ್ರರೊಡನೆ ಸೇರಿ ಒಟ್ಟುಮಾಡಿದ ಹಣದಿಂದ ಶಿಕಾಗೋದಲ್ಲಿ ಶೀತಲೀಕರಣದ ಲಾರಿಯೊಂದನ್ನು ಕೊಳ್ಳಲು ಹೋಗಿದ್ದೆ, ಅಷ್ಟರಲ್ಲಿ ಲಾರಿ ಬೇರೆಯವರ ಪಾಲಾಗಿತ್ತು, ಆದ್ದರಿಂದ ಹಿಂದಿರುಗುತ್ತಿದ್ದೇನೆ ಎಂದು ಆ ಮನುಷ್ಯ ನಿವೇದಿಸಿಕೊಂಡ. ಮೊದಲು ಕೇಳಿದಾಗ ಹಣವಿಲ್ಲವೆಂದು ಅವನು ಸುಳ್ಳು ಹೇಳಿದ್ದನೆಂಬುದೂ ನಿಜ. ಲಕ್ಷಕ್ಕೂ ಮೀರಿದ ಡಾಲರ್ ಇಟ್ಟುಕೊಂಡು ನಿರ್ಜನ ಹೆದ್ದಾರಿಯಲ್ಲಿ ನಿಂತವನು ಸತ್ಯಹರಿಶ್ಚಂದ್ರನಾಗಬೇಕೆಂಬುದು ಅಲ್ಲಿನ ಕಾನೂನಿನ ನಿರೀಕ್ಷೆ. ಕಾರಿನಲ್ಲಿ ಒಂದು ಚಿಟಿಕೆ ಮಾದಕವಸ್ತುವೂ ಸಿಗಲಿಲ್ಲ. ಆದರೆ ಪೊಲೀಸರ ನಾಯಿಯೊಂದು ಮೂಸಿ ನೋಡಿ ಬಾಲವಲ್ಲಾಡಿಸಿತು. ಅಲ್ಲಿಗೆ ಸಾಕ್ಷ್ಯ ಸಂಪೂರ್ಣವಾಯಿತು. ಕೆಳ ನ್ಯಾಯಾಲಯವು ಹಣ ಹಿಂದಿರುಗಿಸಿ ಎಂದಿತು. 2006ರಲ್ಲಿ ಮೇಲ್ಮನವಿ ನ್ಯಾಯಾಲಯವು ಎರಡು–ಒಂದರ ಬಹುಮತದಿಂದ ಅದನ್ನು ತಳ್ಳಿಹಾಕಿ, ಹಣ ಸರ್ಕಾರಕ್ಕೇ ಸೇರಿತು.

ನಾಯಿಯ ಮೂಗಿನ ಪಾಂಡಿತ್ಯವನ್ನು ಅನುಮಾನಿಸುವುದು ಸಲ್ಲದು. ಆದರೆ 2009ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡಾರ್ಟ್‌ಮತ್ ಶಾಖೆಯ ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದಾಗ, ಅವರ ಕೈಗೆ ಬಂದ ಅಮೆರಿಕದ ನೋಟುಗಳಲ್ಲಿ ಶೇಕಡಾ 90ರಷ್ಟರ ಮೇಲೆ ಕೊಕೇನಿನ ಕಣಗಳು ಅಂಟಿಕೊಂಡಿದ್ದವು. ಆ ಲೆಕ್ಕದಲ್ಲಿ ಚರ್ಚಿನ ಕಾಣಿಕೆ ಡಬ್ಬಿಯ ಮುಂದೆ ನಾಯಿಯನ್ನು ತಂದು ನಿಲ್ಲಿಸಿದರೂ ಅದು ತನ್ನ ಕರ್ತವ್ಯವನ್ನು ನಿರ್ವಂಚನೆಯಿಂದ ಮಾಡಬಹುದು.

ಈ ವ್ಯವಸ್ಥೆಗೆ ‘ಸಿವಿಲ್ ಫಾರ್ಫೀಚರ್’ ಎಂದು ಹೆಸರು. ನಾವು ಸರಳವಾಗಿ ಮುಟ್ಟುಗೋಲು ಎನ್ನಬಹುದು. ಆದರೆ ನಮಗೆ ತಿಳಿದ ಮುಟ್ಟುಗೋಲಿನಲ್ಲಿ ಅಪರಾಧಿಯೊಬ್ಬನಿರುತ್ತಾನೆ, ಅವನ ಸ್ವತ್ತು ಅವನ ಹಿಂದೆ ಬರುತ್ತದೆ. ಇಲ್ಲಿ ಅಪರಾಧಿ ಬೇಕಾಗಿಯೇ ಇಲ್ಲ. ಅಮೆರಿಕದ ಸಂವಿಧಾನವು ಮನುಷ್ಯನಿಗೆ ಕೊಟ್ಟಿರುವ ರಕ್ಷಣೆಗಳೋ ಬಹಳ ಬಿಗಿಯಾದವು: ಆರೋಪವು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಬೇಕು, ಬಡವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರಿರಬೇಕು, ಜ್ಯೂರಿ ಕೂರಬೇಕು. ಇಷ್ಟೆಲ್ಲ ರಗಳೆಯೇಕೆಂದು ಯೋಚಿಸಿದ ಯಾರೋ ಮಹಾನುಭಾವರಿಗೆ, ಮನುಷ್ಯನ ಮೇಲೆ ಮೊಕದ್ದಮೆ ಹೂಡದೆ ಅವನ ಕಾರಿನ ಮೇಲೆ ಹೂಡಿದರೆ ಈ ಹಕ್ಕುಗಳಲ್ಲಿ ಹೆಚ್ಚಿನವು ಅಡ್ಡ ಬರುವುದಿಲ್ಲವೆಂಬ ಜ್ಞಾನೋದಯವಾಯಿತು. ಕಾರಿಗೆ ಮೌನವಾಗಿರುವ ಹಕ್ಕು ಮಾತ್ರ ಇದೆ, ಅದನ್ನು ಅದು ಚಾಚೂತಪ್ಪದೆ ಚಲಾಯಿಸುತ್ತದೆ. 2000ದಲ್ಲಿ ಸಂಸತ್ತು ಈ ಕಾನೂನನ್ನು ಸುಧಾರಿಸಿತು. ಅಂದಿನಿಂದ ಸಾಕ್ಷ್ಯದ ತಕ್ಕಡಿಯು ಸರ್ಕಾರದ ಕಡೆಗೆ ಕೂದಲೆಳೆಯಷ್ಟಾದರೂ ವಾಲಬೇಕು, ಮತ್ತು ಒಡೆಯನು ತಾನು ನಿರಪರಾಧಿಯೆಂದು ತಾನೇ ಸಾಬೀತುಪಡಿಸಿಕೊಳ್ಳಬೇಕು. ಇದು ಸುಧಾರಣೆಯಾದರೆ ಅದಕ್ಕೆ ಹಿಂದೆ ಇದ್ದುದೇನೆಂದು ಊಹಿಸಿಕೊಳ್ಳಿ. ಒಟ್ಟಿನಲ್ಲಿ ಆ ದೇಶದಲ್ಲಿ ನಿಮ್ಮ ಹಕ್ಕುಗಳೆಲ್ಲವೂ ಬೇಕೆಂದಾದರೆ ನಿಮ್ಮ ಮೇಲೆ ಒಂದು ಗಟ್ಟಿಯಾದ ಕ್ರಿಮಿನಲ್ ಆರೋಪವನ್ನು ಹೊರಿಸಿಕೊಳ್ಳುವುದು ಕ್ಷೇಮ. ಏನೂ ತಪ್ಪು ಮಾಡದೆ ಸುಮ್ಮನಿದ್ದರೆ ಕೇಳುವವರಿಲ್ಲ.

ಇದಕ್ಕೆ ಪೂರ್ವಜರ ಆಶೀರ್ವಾದವೂ ಉಂಟು. ಹಿಂದಿನ ಇಂಗ್ಲೆಂಡಿನಲ್ಲಿ ಗಾಡಿಯ ಚಕ್ರ ಹರಿದು ಯಾರಾದರೂ ಸತ್ತರೆ ಆ ಗಾಡಿಯೇ ಪಾಪಿ. ಅದನ್ನು ‘ಡಿಯೋಡಾಂಡ್’, ಅಂದರೆ ದೇವರಿಗೆ ಕೊಡತಕ್ಕದ್ದು ಎಂದು ಘೋಷಿಸಿ ದೊರೆಯ ಬೊಕ್ಕಸಕ್ಕೆ ತುಂಬಿಕೊಳ್ಳುತ್ತಿದ್ದರು. ದೇವರ ಪರವಾಗಿ ದೊರೆ ರಸೀದಿ ಕೊಡುತ್ತಿದ್ದನೇ ಎಂಬುದು ಬೇರೆಯ ಪ್ರಶ್ನೆ. ರೈಲುಗಳು ಬಂದು ಜನರು ಅದರಡಿ ಸಾಯತೊಡಗಿದಾಗ, ಇಡೀ ಎಂಜಿನ್ನನ್ನೇ ದೇವರಿಗೆ ಒಪ್ಪಿಸುವ ಪ್ರಸಂಗ ಎದುರಾಗಿ ರೈಲು ಕಂಪನಿಗಳು ಬೊಬ್ಬೆಹೊಡೆದವು, ಮತ್ತು 1846ರಲ್ಲಿ ಇಂಗ್ಲೆಂಡು ಆ ಪದ್ಧತಿಯನ್ನೇ ರದ್ದುಪಡಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ ಮಾತ್ರ 1921ರಲ್ಲಿಯೂ ಕಳ್ಳಭಟ್ಟಿಯ ಕಾಲದ ಕಾರೊಂದರ ಮುಟ್ಟುಗೋಲನ್ನು ಎತ್ತಿಹಿಡಿಯುವಾಗ ಆ ಡಿಯೋಡಾಂಡನ್ನೇ ಭಕ್ತಿಯಿಂದ ಸ್ಮರಿಸಿಕೊಂಡಿತು.

ಮರೆಯಬಾರದ ಇನ್ನೊಂದು ಸಂಗತಿಯಿದೆ. 1768ರಲ್ಲಿ ಬ್ರಿಟಿಷರ ಸುಂಕದ ಅಧಿಕಾರಿಗಳು ಬಾಸ್ಟನ್ನಿನಲ್ಲಿ ಜಾನ್ ಹ್ಯಾನ್‌ಕಾಕ್ ಎಂಬ ವರ್ತಕನ ಹಡಗನ್ನು ಜಪ್ತಿ ಮಾಡಿದರು. ಊರಿಗೆ ಊರೇ ದಂಗೆಯೆದ್ದಿತು. ಜಪ್ತಿಯಾದ ಹಡಗನ್ನು ಇಲಾಖೆಯು ತನ್ನ ಗಸ್ತಿಗೇ ಬಳಸಿಕೊಂಡಿತು. ಮರುವರ್ಷ ರೋಡ್ ಐಲೆಂಡಿನ ಜನರು ಅದಕ್ಕೆ ಬೆಂಕಿಯಿಟ್ಟರು. ಹ್ಯಾನ್‌ಕಾಕ್ ಮುಂದೆ 1776ರ ಸ್ವಾತಂತ್ರ್ಯ ಘೋಷಣೆಗೆ ಎಲ್ಲರಿಗಿಂತ ಮೊದಲು ತನ್ನ ಭಾರೀ ಅಕ್ಷರದ ಸಹಿ ಹಾಕಿದ. ಆ ಹಡಗಿನ ಹೆಸರು ‘ಲಿಬರ್ಟಿ’. ಹೀಗೆ ಲಿಬರ್ಟಿಯನ್ನೇ ಮುಟ್ಟುಗೋಲು ಹಾಕಿಕೊಂಡಿದ್ದಕ್ಕೆ ಸಿಟ್ಟಾಗಿ ದಂಗೆಯೆದ್ದವರ ಮೊಮ್ಮಕ್ಕಳ ಮರಿಮಕ್ಕಳು ಇಂದು ಜಪ್ತಿ ಮಾಡಿದ ಕಾರುಗಳಲ್ಲಿ ಗಸ್ತು ತಿರುಗುತ್ತಿದ್ದಾರೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಗೆ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದದ್ದು 1996ರಲ್ಲಿ. ಡೆಟ್ರಾಯಿಟ್ ನಗರದಲ್ಲಿ ಗಂಡನೊಬ್ಬನು ಕಾರಿನಲ್ಲಿ ವೇಶ್ಯೆಯೊಡನೆ ಸಿಕ್ಕಿಬಿದ್ದ. ಆ ಕಾರು ದಂಪತಿಗಳಿಬ್ಬರ ಹೆಸರಿನಲ್ಲಿದ್ದ, 600 ಡಾಲರ್ ಕೊಟ್ಟು ಕೊಂಡ, ಹನ್ನೊಂದು ವರ್ಷ ಹಳೆಯ ಪಾಂಟಿಯಾಕ್. ಗಂಡನ ಘನಕಾರ್ಯ ನನಗೆ ಗೊತ್ತಿರಲಿಲ್ಲ, ನನ್ನ ಅರ್ಧ ಪಾಲನ್ನಾದರೂ ಕೊಡಿ ಎಂದು ಹೆಂಡತಿ ಕೇಳಿದಳು. ಖರ್ಚು ಕಳೆದರೆ ಹಂಚಿಕೊಳ್ಳಲು ಏನೂ ಉಳಿಯುವುದಿಲ್ಲವೆಂಬುದು ವಿಚಾರಣಾ ನ್ಯಾಯಾಲಯದ ಲೆಕ್ಕಾಚಾರ; ಕೊಡಬೇಕಾಗಿಲ್ಲವೆಂಬುದು ಐದು–ನಾಲ್ಕರ ಬಹುಮತದಿಂದ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು. ಗಂಡ ಮೋಸ ಮಾಡಿದನೆಂದು ಅಳುತ್ತಿದ್ದವಳಿಗೆ ಸರ್ಕಾರವು ಬಸ್ಸಿನ ದಾರಿ ತೋರಿಸಿ ಸಮಾಧಾನ ಹೇಳಿತು.

ಇಷ್ಟೊಂದು ಉತ್ಸಾಹ ಎಲ್ಲಿಂದ ಬಂದಿತೆಂದು ಕೇಳುವವರು 1984ರ ಕಾಯಿದೆಯನ್ನು ನೋಡಬೇಕು. ಅದರ ಪ್ರಕಾರ ಮುಟ್ಟುಗೋಲಿನ ಹಣವು ದೇಶದ ಸಾಮಾನ್ಯ ಬೊಕ್ಕಸಕ್ಕೆ ಹೋಗದೆ ನ್ಯಾಯ ಇಲಾಖೆಯ ನಿಧಿಗೆ ಹೋಗತೊಡಗಿತು, ಮತ್ತು ಕೇಂದ್ರದ ಜೊತೆ ಕೈಜೋಡಿಸಿದ ಸ್ಥಳೀಯ ಪೊಲೀಸರಿಗೆ ಶೇಕಡಾ 80ರವರೆಗೆ ಪಾಲು ಸಿಗುವಂತಾಯಿತು. ಅಂಪೈರಿಗೆ ವಿಕೆಟ್ಟಿನ ಲೆಕ್ಕದಲ್ಲಿ ಸಂಬಳ ಕೊಟ್ಟರೆ ಅವನ ಬೆರಳು ಎಷ್ಟು ಸಲ ಮೇಲೇಳಬಹುದೋ ಅಷ್ಟು ಸಲ ಎದ್ದಿತು. ಹೀಗೆ ಸಂಗ್ರಹವಾದ ಹಣದಿಂದ ಅಪರಾಧವನ್ನು ಹೇಗೆ ಹತ್ತಿಕ್ಕಿದರೆಂಬುದಕ್ಕೆ ಪುರಾವೆಗಳಿವೆ: ಟೆಕ್ಸಸ್ಸಿನ ಒಂದು ಕೌಂಟಿಯ ಸರ್ಕಾರಿ ವಕೀಲರ ಕಚೇರಿ ಪಾಪ್‌ಕಾರ್ನ್ ಯಂತ್ರವನ್ನು ಕೊಂಡಿತು, ಅದೇ ರಾಜ್ಯದ ಇನ್ನೊಂದು ಕಚೇರಿ ಮಾರ್ಗರೀಟಾ ಎಂಬ ಮದ್ಯಪಾನೀಯವನ್ನು ಕಡೆಯುವ ಯಂತ್ರವನ್ನು ಕೊಂಡಿತು, ಜಾರ್ಜಿಯಾದ ಷೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರೊಬ್ಬರು ಮಾದಕವಸ್ತುಗಳ ವಿರುದ್ಧ ಶಾಲಾಮಕ್ಕಳಲ್ಲಿ ಅರಿವು ಮೂಡಿಸುವ ಸಲುವಾಗಿ 90,000 ಡಾಲರಿನ ಡಾಡ್ಜ್ ವೈಪರ್ ಎಂಬ ರೇಸಿನ ಕಾರನ್ನು ಕೊಂಡರು. ಮದ್ಯದ ಯಂತ್ರಕ್ಕಿಂತ ವೈಪರಿನ ತರ್ಕವೇ ಮೇಲು: ಮಕ್ಕಳು ಒಳ್ಳೆಯವರಾಗಿ ಬೆಳೆದು ಷೆರಿಫ್ ಆದರೆ ಏನೇನು ಸಿಗುತ್ತದೆಂಬುದು ಅದರಿಂದ ಸ್ಪಷ್ಟವಾಗಿ ತಿಳಿಯುತ್ತದೆ.

ಮಾದಕವಸ್ತುಗಳ ದೊರೆಗಳನ್ನು ಮಣಿಸಲು ಅವರ ಸಂಪತ್ತನ್ನೇ ಕಿತ್ತುಕೊಳ್ಳಬೇಕೆಂಬುದು ಈ ಪದ್ಧತಿಯ ಸಮರ್ಥಕರ ವಾದ, ಮತ್ತು ಅದು ತಪ್ಪಲ್ಲ. ಆದರೆ ದೊರೆಗಳು ಪೇಟೆಯ ನಡುವೆ ಬಾಗಿಲು ತೆರೆದಿಟ್ಟುಕೊಂಡು ಕೂರುವುದಿಲ್ಲ. ಕೂರುವವನು ವಸತಿಗೃಹದ ಒಡೆಯ. ಮ್ಯಾಸಚೂಸೆಟ್ಸಿನ ಟ್ಯೂಕ್ಸ್‌ಬರಿಯಲ್ಲಿ ಕುಟುಂಬವೊಂದು ತಲೆಮಾರಿನಿಂದ ನಡೆಸಿಕೊಂಡು ಬಂದ ಕ್ಯಾಸ್‌ವೆಲ್ ಮೋಟೆಲಿನ ಕೋಣೆಗಳನ್ನು ಹದಿನಾಲ್ಕು ವರ್ಷಗಳಲ್ಲಿ ಸುಮಾರು ಎರಡು ಲಕ್ಷ ಸಲ ಬಾಡಿಗೆಗೆ ಕೊಡಲಾಗಿತ್ತು. ಅದರಲ್ಲಿ ಹದಿನೈದು ಸಲ ಅತಿಥಿಗಳು ಮಾದಕವಸ್ತುವಿನ ಪ್ರಕರಣಗಳಲ್ಲಿ ಸಿಕ್ಕಿಬಿದ್ದರೆಂದು ಸರ್ಕಾರವು ಇಡೀ ಕಟ್ಟಡವನ್ನು ಕೇಳಿತು. ಈ ಮೋಟೆಲೇ ಏಕೆ ಎಂಬುದಕ್ಕೆ ಉತ್ತರ ಸಾಕ್ಷಿಕಟ್ಟೆಯಿಂದಲೇ ಬಂದಿತು. ಸುದ್ದಿಪತ್ರಿಕೆಗಳನ್ನು ಓದಿ ಮುಟ್ಟುಗೋಲಿಗೆ ಯೋಗ್ಯವಾದ ಸ್ವತ್ತುಗಳನ್ನು ಹುಡುಕುವುದು, ಆಮೇಲೆ ನೋಂದಣಿ ಕಚೇರಿಗೆ ಹೋಗಿ ಅವುಗಳ ಮೇಲೆ ಎಷ್ಟು ಸಾಲವಿದೆಯೆಂದು ನೋಡಿ ಬರುವುದು ತನ್ನ ಕೆಲಸವೆಂದು ಕೇಂದ್ರದ ಮಾದಕವಸ್ತು ನಿಗ್ರಹ ಇಲಾಖೆಯ ಅಧಿಕಾರಿಯೊಬ್ಬನು ವಿವರಿಸಿದ. ಕ್ಯಾಸ್‌ವೆಲ್ ಕುಟುಂಬದ ಸ್ವತ್ತಿನ ಮೇಲೆ ಬಿಡಿಗಾಸಿನ ಸಾಲವೂ ಇರಲಿಲ್ಲ. ಸಾಲ ತೀರಿಸಿ ನೆಮ್ಮದಿಯಾಗಿರಬೇಕೆಂದು ಹಿರಿಯರು ಹೇಳುತ್ತಾರೆ. ಅವರು ಆ ಅಧಿಕಾರಿಯನ್ನು ಕಂಡವರಲ್ಲ. 2013ರಲ್ಲಿ ನ್ಯಾಯಾಲಯವು ಸರ್ಕಾರದ ದಾವೆಯನ್ನು ವಜಾ ಮಾಡಿತು, ಆದರೆ ಸ್ವಾತಂತ್ರ್ಯಪರ ವಕೀಲರ ಸಂಸ್ಥೆಯೊಂದು ಬಿಟ್ಟಿಯಾಗಿ ವಾದಿಸಿದ್ದರಿಂದಷ್ಟೇ ಅದು ಸಾಧ್ಯವಾಯಿತು.

ನ್ಯೂ ಮೆಕ್ಸಿಕೋದ ಲಾಸ್ ಕ್ರೂಸಸ್ ನಗರದ ಸರ್ಕಾರಿ ವಕೀಲರು ಇನ್ನೂ ಪ್ರಾಮಾಣಿಕರು. 2014ರಲ್ಲಿ ಒಂದು ಸಭೆಯಲ್ಲಿ, ಕುಡಿದು ಬಂದವನೊಬ್ಬನ ಹೊಚ್ಚಹೊಸ ಮರ್ಸಿಡಿಸ್ ಕಾರನ್ನು ಕಂಡು ತಮ್ಮವರಿಗೆ ಬಾಯಲ್ಲಿ ನೀರೂರಿದ ಬಗೆಯನ್ನು ಅವರು ರಸವತ್ತಾಗಿ ವರ್ಣಿಸಿದರು, ವಿಡಿಯೋ ಬಹಿರಂಗವಾಯಿತು. ಮರುವರ್ಷ ಆ ರಾಜ್ಯವು ಸಿವಿಲ್ ಮುಟ್ಟುಗೋಲನ್ನೇ ರದ್ದುಪಡಿಸಿತು. ಸಾಮಾನ್ಯವಾಗಿ ಸುಧಾರಣೆಗೆ ಚಳವಳಿಗಳು ಬೇಕಾಗುತ್ತವೆ. ಇಲ್ಲಿ ಒಂದು ಮೈಕು ಸಾಕಾಯಿತು.

ಸುಪ್ರೀಂ ಕೋರ್ಟಿನಲ್ಲಿಯೂ ಅಂಥ ಪ್ರಾಮಾಣಿಕತೆಯ ಕ್ಷಣವೊಂದು ಬಂದಿತ್ತು. ಇಂಡಿಯಾನಾದಲ್ಲಿ ಟೈಸನ್ ಟಿಂಬ್ಸ್ ಎಂಬಾತ ಕೆಲವು ನೂರು ಡಾಲರಿನ ಹೆರಾಯಿನ್ ಮಾರಿ 2013ರಲ್ಲಿ ಸಿಕ್ಕಿಬಿದ್ದ. ಆ ಅಪರಾಧಕ್ಕೆ ಗರಿಷ್ಠ ದಂಡ 10,000 ಡಾಲರ್. ಸರ್ಕಾರವು ಅವನ 42,000 ಡಾಲರಿನ ಲ್ಯಾಂಡ್ ರೋವರ್ ಕಾರನ್ನು ಕಿತ್ತುಕೊಂಡಿತು. ಅದನ್ನು ಅವನು ತಂದೆಯ ಮರಣಾನಂತರ ಬಂದ ವಿಮೆಯ ಹಣದಿಂದ ಕೊಂಡಿದ್ದ. 2018ರ ನವೆಂಬರಿನಲ್ಲಿ ವಾದ ನಡೆಯುತ್ತಿದ್ದಾಗ ನ್ಯಾಯಮೂರ್ತಿ ಬ್ರೇಯರ್ ಅವರು, ವೇಗದ ಮಿತಿಯನ್ನು ಐದು ಮೈಲಿ ಮೀರಿದ ಮಾತ್ರಕ್ಕೆ ಒಬ್ಬನ ಬುಗಾಟಿ ಕಾರನ್ನು ಸರ್ಕಾರ ಕಿತ್ತುಕೊಳ್ಳಬಹುದೇ ಎಂದು ಕೇಳಿದರು. ಇಂಡಿಯಾನಾದ ಸರ್ಕಾರಿ ವಕೀಲರು ಸ್ವಲ್ಪ ಸುತ್ತಿಬಳಸಿದರೂ ಕೊನೆಗೆ ಹೌದೆಂಬ ಉತ್ತರಕ್ಕೇ ಬಂದು ನಿಂತರು, ಮತ್ತು ನ್ಯಾಯಾಲಯದಲ್ಲಿ ನಗು ಹರಡಿತು. 2019ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಟಿಂಬ್ಸ್ ಪರವಾಗಿ ತೀರ್ಪಿತ್ತರು. ಕಾರು ಅವನ ಕೈಸೇರಿದ್ದು 2020ರಲ್ಲಿ. ಅದಾದ ಮೇಲೂ ರಾಜ್ಯವು ಬಿಡದೆ ಮೇಲ್ಮನವಿ ಹಾಕಿ 2021ರಲ್ಲಿ ಮತ್ತೊಮ್ಮೆ ಸೋತಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಮಾತು ಇಂಡಿಯಾನಾದಲ್ಲಿಯೂ ನಡೆಯುತ್ತದೆ.

ಅಷ್ಟರಿಂದ ಬುದ್ಧಿ ಬಂದಿತೆಂದು ಯಾರಾದರೂ ಭಾವಿಸಿದ್ದರೆ, 2024ರಲ್ಲಿ ಅದೇ ನ್ಯಾಯಾಲಯವು ಆರು–ಮೂರರ ಬಹುಮತದಿಂದ ಅವರ ಭ್ರಮೆಯನ್ನು ಕಳೆಯಿತು. ಅಲಬಾಮಾದಲ್ಲಿ ತಾಯಿಯೊಬ್ಬಳ ಕಾರನ್ನು ಮಗನು ಕೊಂಡೊಯ್ದು ಗಾಂಜಾದೊಡನೆ ಸಿಕ್ಕಿಬಿದ್ದಿದ್ದ. ಕಾರು ಮರಳಲು ಒಂದು ವರ್ಷಕ್ಕೂ ಮೀರಿ ಹಿಡಿಯಿತು. ಅಂತಿಮ ವಿಚಾರಣೆ ನಡೆಯುವವರೆಗೆ ಕಾರನ್ನು ಸರ್ಕಾರವೇ ಇಟ್ಟುಕೊಳ್ಳುವುದು ಸರಿಯೇ ಎಂಬುದನ್ನಾದರೂ ಬೇಗನೆ ಯಾರಾದರೂ ಕೇಳಿಸಿಕೊಳ್ಳಬಾರದೇ ಎಂಬುದಷ್ಟೇ ಅವಳ ಪ್ರಾರ್ಥನೆ. ಮುಖ್ಯ ವಿಚಾರಣೆ ಸಕಾಲದಲ್ಲಿ ನಡೆದರೆ ಸಾಕು, ಅದಕ್ಕೆ ಮುಂಚಿನ ವಿಚಾರಣೆಯು ಸಂವಿಧಾನದ ಹಕ್ಕಲ್ಲವೆಂದು ಉತ್ತರ ಬಂದಿತು. ಅಲ್ಲಿಯವರೆಗೆ ಕೆಲಸಕ್ಕೆ ನಡೆದು ಹೋಗುವುದು ಆರೋಗ್ಯಕ್ಕೂ ಒಳ್ಳೆಯದು.

ಇವೆಲ್ಲಕ್ಕೂ ಕಲಶವಿಟ್ಟ ನಗರ ಫಿಲಡೆಲ್ಫಿಯಾ. ಅಲ್ಲಿ ಸುಮಾರು ಒಂದು ದಶಕದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳು ಮುಟ್ಟುಗೋಲಾದವು. ಮಗನು 40 ಡಾಲರಿನ ಹೆರಾಯಿನ್ ಮಾರಿದ ಕಾರಣಕ್ಕೆ 2014ರಲ್ಲಿ ಒಂದು ಕುಟುಂಬವನ್ನು ಮನೆಯಿಂದ ಹೊರಗಟ್ಟಿ ಬೀಗ ಹಾಕಿದರು. ಸ್ವತ್ತು ಕಳೆದುಕೊಂಡವರೆಲ್ಲರನ್ನೂ ಸಿಟಿ ಹಾಲ್ ಕಟ್ಟಡದ 478ನೇ ನಂಬರಿನ ನ್ಯಾಯಾಲಯ ಕೋಣೆಗೆ ಕರೆಯುತ್ತಿದ್ದರು. ಆ ಕೋಣೆಯಲ್ಲಿ ನ್ಯಾಯಾಲಯಕ್ಕೆ ಬೇಕಾದುದೆಲ್ಲ ಇತ್ತು, ನ್ಯಾಯಾಧೀಶರೊಬ್ಬರನ್ನು ಬಿಟ್ಟು. ಕರೆಯುವವರು, ಕಾಗದಗಳನ್ನು ಮುಂದಿಟ್ಟು ಪ್ರಶ್ನಿಸುವವರು, ಮುಂದಿನ ತಿಂಗಳು ಬನ್ನಿ ಎನ್ನುವವರು ಎಲ್ಲರೂ ಸರ್ಕಾರಿ ವಕೀಲರೇ. ಹತ್ತು ಸಲ ಬಂದವರು ಒಂದು ಸಲ ತಪ್ಪಿಸಿಕೊಂಡರೂ ಗೈರುಹಾಜರಿಯ ಮೇಲೆ ಸ್ವತ್ತು ಕೈಬಿಟ್ಟುಹೋಗಬಹುದಾಗಿತ್ತು. ಕುಟುಂಬಗಳು ಒಟ್ಟಾಗಿ ಹೂಡಿದ ದಾವೆಯ ಫಲವಾಗಿ 2018ರಲ್ಲಿ ನಗರವು ರಾಜಿಗೆ ಬಂದು, ನೊಂದವರಿಗಾಗಿ 30 ಲಕ್ಷ ಡಾಲರಿನ ನಿಧಿಯನ್ನು ತೆಗೆದಿರಿಸಿತು.

ಆ ಕಟ್ಟಡದಿಂದ ಇಂಡಿಪೆಂಡೆನ್ಸ್ ಹಾಲ್ ಕಾಲ್ನಡಿಗೆಯ ದೂರದಲ್ಲಿದೆ. ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ ಸಹಿ ಬಿದ್ದದ್ದು ಅಲ್ಲಿಯೇ, ಮತ್ತು ಎರಡಕ್ಕೂ ಸಹಿ ಹಾಕಿದವರಲ್ಲಿ ಅದೇ ಊರಿನ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬರು. ಅಮೆರಿಕದ 100 ಡಾಲರ್ ನೋಟಿನ ಮುಂದೆ ಅವರ ಮುಖವಿದೆ, ಹಿಂದೆ ಇಂಡಿಪೆಂಡೆನ್ಸ್ ಹಾಲ್, ಅದರ ಮೇಲ್ಗಡೆ ‘ನಮ್ಮ ನಂಬಿಕೆ ದೇವರಲ್ಲಿ’ ಎಂಬ ಒಕ್ಕಣೆ. 478ನೇ ಕೋಣೆಯಲ್ಲಿ ಯಾರದೋ ಹಣದ ಮೊಕದ್ದಮೆಯನ್ನು ಕೂಗಿದಾಗಲೆಲ್ಲ ಆ ವೃದ್ಧರು ರಬ್ಬರ್ ಬ್ಯಾಂಡ್ ಸುತ್ತಿದ ಕಟ್ಟಿನೊಳಗಿಂದ, ತುಟಿ ಬಿಗಿಹಿಡಿದು, ಪ್ರತಿವಾದಿಯಾಗಿ ಹಾಜರಿರುತ್ತಿದ್ದರು.