ನೋವಿನ ಆ್ಯಪ್ ನಮ್ಮ ಮಲೆನಾಡಿಗೂ ಬರ್ಲಿ, ಆದ್ರೆ ಮನೆಯೋರಿಗೂ ಪಾಠ ಹೇಳ್ಲಿ

ನಾನು ತೀರ್ಥಹಳ್ಳಿ ಕಡೆಯೋಳು, ಈಗ ಇರೋದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ಡಾಕ್ಟ್ರು ಮಾತ್ರೆ ಬರೆದ ಹಾಗೇನೇ ಮೊಬೈಲ್ ಆ್ಯಪ್‌ನೂ ಬರ್ದುಕೊಡ್ತಾರೆ ಅಂದ್ರೆ ಊರಲ್ಲಿ ಯಾರೂ ನಂಬಲ್ಲ. 2019ರ ಕೊನೆಗೆ ಅದಕ್ಕೊಂದು ಕಾನೂನೇ ಬಂತು, ಸರ್ಕಾರದ ಪಟ್ಟಿಲಿರೋ ಆ್ಯಪ್ ಆದ್ರೆ ದುಡ್ಡು ಹೆಲ್ತ್ ಇನ್ಶೂರೆನ್ಸ್‌ನೋರೇ ಕೊಡ್ತಾರೆ, ಸಾಮಾನ್ಯವಾಗಿ ಒಂದ್ಸಲಕ್ಕೆ 90 ದಿನ. ಎಂಡೊಮೆಟ್ರಿಯೋಸಿಸ್, ಅಂದ್ರೆ ಗರ್ಭಕೋಶದ ಒಳಪದರದಂಥದ್ದೇ ಗರ್ಭಕೋಶದ ಹೊರಗೂ ಬೆಳೆದು ನೋವು ಕೊಡೋ ಕಾಯಿಲೆ ಇರೋರಿಗೇ ಅಂತ ಒಂದಿದೆ, ಎಂಡೋ-ಆ್ಯಪ್ ಅಂತ. ನಂಗೂ ಆ ಕಾಯಿಲೆ ಇದೆ, ಅದಕ್ಕೇ ಇದನ್ನ ಬರೀತಿದೀನಿ.

ಹೊಕ್ಕುಳ ಕೆಳಗೆ, ಕಿಬ್ಬೊಟ್ಟೆ, ಸೊಂಟದ ಒಳಗೆ ಆರು ತಿಂಗಳಿಗಿಂತ ಜಾಸ್ತಿ ಬಿಡದೆ ಕಾಡೋ ನೋವಿಗೆ ಕ್ರಾನಿಕ್ ಪೆಲ್ವಿಕ್ ಪೇನ್ ಅಂತಾರೆ. ಎಂಡೊಮೆಟ್ರಿಯೋಸಿಸ್ ಒಂದೇ ಕಾರಣ ಅಲ್ಲ, ಮೂತ್ರಕೋಶ, ಕರುಳು, ಹಳೇ ಆಪರೇಷನ್ ಆದ ಜಾಗದಲ್ಲಿ ಒಳಗೇ ಅಂಟ್ಕೊಂಡಿರೋದು, ಸೊಂಟದ ತಳದ, ಅಂದ್ರೆ ಕೆಳಗಿನ ಸ್ನಾಯುಗಳು ಸದಾ ಬಿಗಿಯಾಗೇ ಇರೋದು, ಎಷ್ಟೋ ಸಲ ಇದೆಲ್ಲ ಒಟ್ಟೊಟ್ಟಿಗೇ. ಗಂಡಸರಿಗೂ ಬರುತ್ತೆ, ಅವರಂತೂ ಬಾಯೇ ಬಿಡಲ್ಲ. ಎಂಡೊಮೆಟ್ರಿಯೋಸಿಸ್ ಮಾತ್ರ ತಗೊಂಡ್ರೂ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಹೆರೋ ವಯಸ್ಸಿನ ಹೆಂಗಸರಲ್ಲಿ ಹತ್ತಕ್ಕೆ ಒಬ್ಬರಿಗಿದೆ, ಅಂದ್ರೆ ನಮ್ಮೂರಿನ ಒಂದೊಂದು ಕೇರಿಲೂ ಯಾರಾದ್ರೂ ಇದ್ದೇ ಇರ್ತಾರೆ.

ಇಂಥ ಪ್ರೋಗ್ರಾಮ್‌ಗಳಲ್ಲಿ ಇರೋದು ಮಂತ್ರ ಏನಲ್ಲ. ನೋವು ಯಾವಾಗ ಬಂತು, ಮುಟ್ಟು, ನಿದ್ದೆ, ಮಲ ಮೂತ್ರ ಹೇಗಿತ್ತು ಅಂತ ದಿನಾ ಬರ್ಕೊಳ್ಳೋದು. ಹೊಟ್ಟೆ ಉಬ್ಬಿಸಿ ನಿಧಾನ ಉಸಿರು ತಗೊಳ್ತಾ ಕೆಳಗಿನ ಸ್ನಾಯು ಸಡಿಲ ಬಿಡೋ ಅಭ್ಯಾಸ. ಇಲ್ಲೊಂದು ಮಾತು ಹೇಳ್ಲೇಬೇಕು, ಯೂಟ್ಯೂಬ್ ನೋಡಿ ಕೀಗಲ್ ವ್ಯಾಯಾಮ, ಅಂದ್ರೆ ಆ ಸ್ನಾಯುಗಳನ್ನ ಬಿಗಿ ಹಿಡಿದು ಬಿಡೋದು, ಶುರು ಮಾಡೋರು ತುಂಬ ಜನ ಇದಾರೆ, ಸ್ನಾಯು ಮೊದ್ಲೇ ಬಿಗಿಯಾಗಿರೋರು ಇನ್ನೂ ಬಿಗಿ ಹಿಡಿದ್ರೆ ನೋವು ಜಾಸ್ತಿನೇ ಆಗ್ಬಹುದು, ಫಿಸಿಯೋ ಹತ್ರ ತೋರಿಸ್ದೆ ಮಾಡ್ಬೇಡಿ. ಆಮೇಲೆ ವರ್ಷಗಟ್ಲೆ ನೋವು ತಿಂದ ನರಗಳು ಸಣ್ಣ ವಿಷಯಕ್ಕೂ ಜೋರಾಗಿ ಕೂಗೋಕೆ ಶುರು ಮಾಡ್ತವೆ, ಸ್ಕ್ಯಾನಿಂಗಲ್ಲಿ ಏನೂ ಕಾಣ್ಲಿಲ್ಲ ಅಂದ್ರೆ ನೋವು ಸುಳ್ಳು ಅಂತ ಅಲ್ಲ ಅನ್ನೋ ಪಾಠ. ಅದನ್ನ ಕೇಳಿದಾಗ ನಂಗೆ ಅಳು ಬಂದಿತ್ತು. ಪೂರ್ತಿ ವಾಸಿ ಆಗುತ್ತೆ ಅಂತ ಒಳ್ಳೆ ಪ್ರೋಗ್ರಾಮ್ ಯಾವ್ದೂ ಹೇಳಲ್ಲ, ನೋವಿದ್ರೂ ದಿನ ಕೈಗೆ ಸಿಗೋ ಹಾಗೆ ಮಾಡ್ಕೊಳ್ಳೋದು ಹೇಗೆ ಅಂತ ಕಲಿಸುತ್ತೆ ಅಷ್ಟೇ.

ಇದರಲ್ಲಿ ಮುಖ್ಯವಾದ ಇನ್ನೊಂದು ಪಾಠ ಇದೆ, ಕೆಲಸ ತುಂಡು ತುಂಡು ಮಾಡ್ಕೊಳ್ಳೋದು. ನೋವು ಕಮ್ಮಿ ಇದ್ದ ದಿನ ಎಲ್ಲಾ ಬಾಕಿ ಕೆಲಸ ಬಾಚಿ ಮಾಡಿ ಮರುದಿನ ಹಾಸಿಗೆ ಹಿಡಿಯೋದು ಬಿಡಿ, ದಿನಾ ಸ್ವಲ್ಪ ಸ್ವಲ್ಪ ಮಾಡಿ, ನಡುವೆ ಎದ್ದು ಓಡಾಡಿ ಅಂತ. ಇಲ್ಲಿ ನಂಗೆ ಅದು ಸಾಧ್ಯ, ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿದ್ರೆ ಮುಗೀತು. ಆದ್ರೆ ಅಡಿಕೆ ಕೊಯ್ಲಿನ ಟೈಮಲ್ಲಿ ನಮ್ಮ ಅತ್ತಿಗೆ ಇದನ್ನ ಹೇಗೆ ಮಾಡ್ತಾರೆ ಹೇಳಿ? ಬೆಳಗ್ಗೆ ಕೊಟ್ಟಿಗೆ, ಆಳುಗಳಿಗೆ ತಿಂಡಿ ಊಟ, ಸಂಜೆ ಮೆಟ್ಟುಗತ್ತಿ ಮುಂದೆ ಕೂತ್ರೆ ರಾತ್ರಿ ಎಷ್ಟೊತ್ತಾದ್ರೂ ಸುಲೀತಾನೇ ಇರ್ಬೇಕು, ಕೊಯ್ದ ಅಡಿಕೆ ಯಾರ ಸೊಂಟಕ್ಕೂ ಕಾಯಲ್ಲ. ಅವರ ಕೈಗೆ ಆ್ಯಪ್ ಕೊಟ್ಟು ಅರ್ಧ ಗಂಟೆಗೊಮ್ಮೆ ಎದ್ದೇಳಿ ಅಂದ್ರೆ ಅವರು ಏಳೋಕೆ ಮುಂಚೆ ಅವರ ಅತ್ತೆ, ಅಂದ್ರೆ ನಮ್ಮ ದೊಡ್ಡಮ್ಮನ ಮುಖ ನೋಡ್ತಾರೆ. ಹಾಗಾಗಿ ಊರಿಗೆ ಇಂಥದ್ದು ಬಂದ್ರೆ ಅದರ ಮೊದಲನೇ ಪಾಠ ಗಂಡನಿಗೆ, ಎರಡನೇದು ಅತ್ತೆಗೆ ಇರ್ಬೇಕು ಅಂತ ನಾನು ನಿಜವಾಗ್ಲೂ ನಂಬಿದೀನಿ.

ಹಿಂದೆ ನಮ್ಮ ಕಡೆ ಮುಟ್ಟಾದ್ರೆ ಹೊರಗೆ ಕೂರಿಸ್ತಿದ್ರು, ಅದರಿಂದ ಹೆಂಗಸ್ರಿಗೆ ರೆಸ್ಟ್ ಆದ್ರೂ ಸಿಗ್ತಿತ್ತು ಅಂತ ಕೆಲವರು ಈಗ್ಲೂ ಹೇಳ್ತಾರೆ. ನಂಗೆ ಒಪ್ಪಿಗೆ ಇಲ್ಲ, ಮೈಲಿಗೆ ಅಂತ ದೂರ ಇಟ್ಟು ಕೊಡೋ ರೆಸ್ಟು ಯಾರಿಗೂ ಬೇಡ. ಆದ್ರೆ ಆ ಪದ್ಧತಿ ತುಂಬ ಮನೆಗಳಲ್ಲಿ ಹೋದ್ಮೇಲೆ ಅದರ ಜಾಗದಲ್ಲಿ ಮರ್ಯಾದೆಯಾಗಿ ಕೂತ್ಕೋ ಅಂತ ಹೇಳೋ ಪದ್ಧತಿನ ನಾವು ತರ್ಲಿಲ್ಲ, ಇದು ಸತ್ಯ.

ಅದರ ಬದ್ಲು ಬಂದಿದ್ದು, ಮಕ್ಕಳಾದ್ವಲ್ಲ ಗರ್ಭಕೋಶ ತೆಗೆಸಿಬಿಡು ಅನ್ನೋ ಸಲಹೆ. ಕೆಲವರಿಗೆ ಆ ಆಪರೇಷನ್ ಬೇಕೇ ಬೇಕು, ಅದು ಬೇರೆ ಮಾತು. ಆದ್ರೆ ನೋವು ಇರೋದು ಸ್ನಾಯುವಲ್ಲೋ ಮೂತ್ರಕೋಶದಲ್ಲೋ ಆದ್ರೆ ಗರ್ಭಕೋಶ ತೆಗೆದ ಮೇಲೂ ಅದು ಅಲ್ಲೇ ಇರುತ್ತೆ. ಬೇಡದ ಇಂಥ ಆಪರೇಷನ್ ತಡೆಯೋ ಮಾರ್ಗಸೂಚಿನ ಎಲ್ಲಾ ರಾಜ್ಯಗಳೂ ಜಾರಿ ಮಾಡ್ಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳ್ಬೇಕಾಯ್ತು ಅಂದ್ರೆ ಯೋಚನೆ ಮಾಡಿ.

ಜರ್ಮನಿದೆಲ್ಲ ಚೆನ್ನ ಅಂತಾನೂ ಅಲ್ಲ. ಇಲ್ಲಿ ಆ್ಯಪ್ ಇದೆ, ಪಕ್ಕದಲ್ಲಿ ಕೂರೋಕೆ ಜನ ಇಲ್ಲ, ರೂಮಲ್ಲಿ ಒಬ್ಳೇ ಉಸಿರಾಡ್ಕೊಂಡು ಮಲಗೋದು. ಊರಲ್ಲಿ ಜನ ಇದಾರೆ, ಸ್ತ್ರೀಶಕ್ತಿ ಸಂಘ ಇದೆ, ಮನೆ ಬಾಗ್ಲಿಗೆ ಬರೋ ಆಶಾ ಕಾರ್ಯಕರ್ತೆ ಇದಾರೆ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡ್ಬಹುದು, ಇ-ಸಂಜೀವಿನಿಲಿ ಡಾಕ್ಟ್ರನ್ನ ಮನೆಯಿಂದ್ಲೇ ಕೇಳ್ಬಹುದು. ದಾರಿ ಇದೆ, ಈ ನೋವಿಗೆ ಅಂತ ಕನ್ನಡದಲ್ಲಿ ಯಾರಾದ್ರೂ ಕೂತು ಪಾಠ ಮಾಡ್ಬೇಕು ಅಷ್ಟೇ.

ವಿಡಿಯೋ ಬೇಡ, ಆಡಿಯೋ ಸಾಕು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆಯ್ತು, ತುಮರಿ ಕಡೆಯೋರಿಗೆ ಲಾಂಚ್ ಕಾಯೋದು ತಪ್ತು, ಆದ್ರೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್‌ಗೆ ಇನ್ನೂ ಅಂಗಳದ ತುದಿಗೇ ಹೋಗ್ಬೇಕು. ವಾರಕ್ಕೊಂದ್ಸಲ ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡ್ಕೊಂಡು ಮನೇಲಿ ಕೇಳೋ ಹಾಗಿರ್ಬೇಕು. ಅಡಿಕೆ ಸುಲಿಯೋವಾಗ ಹೆಂಗಸ್ರು ಹೇಗೂ ಏನಾದ್ರೂ ಕೇಳ್ತಾನೇ ಇರ್ತಾರೆ.

ಶುರು ಮಾಡೋಕೆ ಮುಂಚೆ ಒಂದ್ಸಲ ಡಾಕ್ಟ್ರು ನೋಡ್ಲೇಬೇಕು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಆಗ್ಲಿ ತಾಲೂಕು ಆಸ್ಪತ್ರೆ ಆಗ್ಲಿ. ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ, ಸುಮ್ ಸುಮ್ನೆ ತೂಕ ಇಳಿದ್ರೆ, ಜ್ವರದ ಜೊತೆ ನೋವು ಬಂದ್ರೆ, ಮುಟ್ಟು ತಪ್ಪಿ ಒಂದೇ ಸಲ ಜೋರು ನೋವು ಹತ್ತಿದ್ರೆ ಆ್ಯಪ್ ಆಡಿಯೋ ಎಲ್ಲ ಬದಿಗಿಟ್ಟು ಆ ಕೂಡ್ಲೇ ಆಸ್ಪತ್ರೆಗೆ ಹೋಗಿ. ಸಾಗರ, ಹೊಸನಗರ, ಶಿವಮೊಗ್ಗ ಕಡೆ ಫಿಸಿಯೋ, ನರ್ಸ್, ಲೇಡಿ ಡಾಕ್ಟ್ರು ಯಾರಾದ್ರೂ ಇದನ್ನ ಓದ್ತಿದ್ರೆ, ಪಾಠ ನೀವು ಹೇಳಿ, ಕನ್ನಡದಲ್ಲಿ ಬರೆಯೋದು ರೆಕಾರ್ಡ್ ಮಾಡೋದು ನಾನು ಮಾಡ್ಕೊಡ್ತೀನಿ.