ಒಲೆ ಉರಿಸಿದವರಿಗೆ ಸಂಭಾವನೆ

ಯುನೈಟೆಡ್ ಕಿಂಗ್‌ಡಮ್ಮಿನ ಭಾಗವಾದ, ಸುಮಾರು ಹತ್ತೊಂಬತ್ತು ಲಕ್ಷ ಜನರಿರುವ ಉತ್ತರ ಐರ್ಲೆಂಡಿನ ಆಡಳಿತಗಾರರು 2012ರಲ್ಲಿ ಅರ್ಥಶಾಸ್ತ್ರಕ್ಕೆ ಸಲ್ಲಿಸಿದ ಸೇವೆಗೆ ತಕ್ಕ ಮನ್ನಣೆ ಇನ್ನೂ ದೊರೆತಿಲ್ಲವೆಂಬುದು ವಿಷಾದದ ಸಂಗತಿ. ಇಂಧನವನ್ನು ಹೆಚ್ಚು ಸುಟ್ಟಷ್ಟೂ ಕೈಯಲ್ಲಿನ ಕಾಸು ಕರಗುತ್ತದೆಯೆಂಬ ಪುರಾತನ ಮೂಢನಂಬಿಕೆಯನ್ನು ಅವರು ಒಂದೇ ನಿಯಮಾವಳಿಯಿಂದ ನಿವಾರಿಸಿದರು.

ತೈಲವನ್ನು ಬಿಟ್ಟು ಮರದ ಪೆಲೆಟ್, ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆ, ಉರಿಸುವ ಬಾಯ್ಲರ್ ಹಾಕಿಸಿಕೊಂಡ ಉದ್ಯಮಿಗಳಿಗೂ ರೈತರಿಗೂ ಇಪ್ಪತ್ತು ವರ್ಷ ಸಹಾಯಧನ ಕೊಡುವುದು ಯೋಜನೆಯಾಗಿತ್ತು. ಒಂದು ಯೂನಿಟ್ ಶಾಖಕ್ಕೆ ತಗಲುವ ಇಂಧನದ ವೆಚ್ಚ 4.39 ಪೆನ್ಸ್ ಎಂದು ಲೆಕ್ಕ ಹಾಕಿಸಿ, ಅದಕ್ಕೆ 5.9 ಪೆನ್ಸ್ ಸಹಾಯಧನವನ್ನು ಗೊತ್ತುಮಾಡಲಾಯಿತು. ಹೀಗಾಗಿ ನೂರು ಪೌಂಡಿನ ಪೆಲೆಟ್ಟನ್ನು ಬೂದಿ ಮಾಡಿದವನಿಗೆ ನೂರಮೂವತ್ತಕ್ಕೂ ಹೆಚ್ಚು ಪೌಂಡು ದಕ್ಷಿಣೆ ಸಂದಿತು. ಪಕ್ಕದ ದ್ವೀಪವಾದ ಬ್ರಿಟನ್ನಿನಲ್ಲಿ ಇದೇ ಬಗೆಯ ಯೋಜನೆಯಿತ್ತು. ಅಲ್ಲಿ ನಿಗದಿತ ಅವಧಿ ದಾಟಿ ಬಾಯ್ಲರ್ ಉರಿಸಿದರೆ ದರ ಇಳಿಯುತ್ತಿತ್ತು. ಆ ನಿಯಮಗಳನ್ನು ಬಹುಪಾಲು ಯಥಾವತ್ತಾಗಿ ನಕಲು ಮಾಡಿಕೊಂಡವರು ದರ ಇಳಿಸುವ ಕಂಡಿಕೆಯೊಂದನ್ನು ಮಾತ್ರ ಕೈಬಿಟ್ಟರು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರಪತ್ರಿಕೆಯನ್ನು ನೋಡಿ ಬರೆಯುವ ಹುಡುಗನಿಗೂ ಇಷ್ಟೊಂದು ಸ್ವಂತಿಕೆ ಇರಲಾರದು.

ಆಗ ಇಂಧನ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಸಚಿವೆ ಆರ್ಲೀನ್ ಫಾಸ್ಟರ್, ತಾವೇ ಶಾಸನಸಭೆಯ ಮುಂದಿಟ್ಟ ಆ ನಿಯಮಗಳನ್ನು ಓದಿರಲಿಲ್ಲವೆಂದು ಮುಂದೆ ವಿಚಾರಣಾ ಆಯೋಗದ ಎದುರು ಹೇಳಿದರು. ಇಂಧನ ಉಳಿಸುವ ಉಪಕರಣ ಮಾರುತ್ತಿದ್ದ ಮಹಿಳೆಯೊಬ್ಬರು 2013ರಲ್ಲಿಯೇ ಇಲಾಖೆಗೆ ಎಚ್ಚರಿಕೆ ಕೊಟ್ಟಿದ್ದರು. ಉರಿಸಿದ್ದಕ್ಕೇ ಹಣ ಸಿಗುವಾಗ ಉಳಿಸುವ ಯಂತ್ರ ಯಾರಿಗೆ ಬೇಕು? ಅವರ ಮಾತನ್ನು ಅಧಿಕಾರಿಗಳು ನಂಬಲಿಲ್ಲ. ಕೋಳಿ ಸಾಕಣೆದಾರರಿಗೆ ಮಾತ್ರ ಲೆಕ್ಕ ಚೆನ್ನಾಗಿ ತಿಳಿದಿತ್ತು. ಅವರ ಕೋಳಿಗಳಷ್ಟು ಬೆಚ್ಚಗೆ ಆ ನಾಡಿನಲ್ಲಿ ಬೇರಾರೂ ಇದ್ದಿರಲಾರರು.

ಈ ಔದಾರ್ಯದ ಮೂಲ ಬೇರೆಡೆ ಇತ್ತು. ಹಣವೆಲ್ಲ ಲಂಡನ್ನಿನ ಖಜಾನೆಯಿಂದ ಬರುತ್ತದೆ, ಕೊಡುವವರು ಅವರು, ಹಂಚುವ ಪುಣ್ಯ ನಮ್ಮದು ಎಂಬ ನಂಬಿಕೆ ಇಲಾಖೆಯಲ್ಲಿ ಬೇರೂರಿತ್ತು. ಮಿತಿ ಮೀರಿದರೆ ಹೊರೆ ನಿಮ್ಮ ಮೇಲೂ ಬೀಳುತ್ತದೆಂದು ಲಂಡನ್ 2011ರಲ್ಲಿಯೇ ತಿಳಿಸಿತ್ತಾದರೂ, ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ನ್ಯಾಯದಲ್ಲಿ ಕೋಡಂಗಿ ತಾವೇ ಎಂಬುದು ಅವರಿಗೆ ಹೊಳೆಯಲಿಲ್ಲ. ದರ ಇಳಿಯಲಿದೆಯೆಂಬ ಸುಳಿವು 2015ರಲ್ಲಿ ಸಿಕ್ಕಿದ್ದೇ ತಡ, ಮೂರೇ ತಿಂಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಅರ್ಜಿಗಳು ಬಂದವು. 2016ರ ಫೆಬ್ರುವರಿಯಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ, ಇಪ್ಪತ್ತು ವರ್ಷಗಳಲ್ಲಿ ಬೀಳಬಹುದಾದ ಹೆಚ್ಚುವರಿ ಹೊರೆಯ ಅಂದಾಜು 49 ಕೋಟಿ ಪೌಂಡಿನತ್ತ ಸಾಗಿತ್ತು. 2017ರ ಜನವರಿಯಲ್ಲಿ ಇದನ್ನು ಪ್ರತಿಭಟಿಸಿ ಉಪ ಪ್ರಥಮ ಸಚಿವ ಮಾರ್ಟಿನ್ ಮೆಗಿನೆಸ್ ರಾಜೀನಾಮೆಯಿತ್ತರು, ಸರ್ಕಾರ ಬಿತ್ತು, ಮೂರು ವರ್ಷ ನಾಡಿಗೆ ಸಂಪುಟವೇ ಇರಲಿಲ್ಲ. ಬಾಯ್ಲರುಗಳು ಉರಿಯುತ್ತಲೇ ಇದ್ದವು.

ನ್ಯಾಯಮೂರ್ತಿ ಕಾಗ್ಲಿನ್ ಅವರ ಆಯೋಗ 2020ರ ಮಾರ್ಚಿನಲ್ಲಿ 319 ತೀರ್ಮಾನಗಳನ್ನೂ 44 ಶಿಫಾರಸುಗಳನ್ನೂ ಒಳಗೊಂಡ ವರದಿ ನೀಡಿ, ಇದಕ್ಕೆ ಕಾರಣ ಭ್ರಷ್ಟಾಚಾರವಲ್ಲ, ಒಂದರ ಮೇಲೊಂದು ಪೇರಿಸಿಕೊಂಡ ತಪ್ಪುಗಳೆಂದು ಸಾರಿತು. ಯಾವ ತಪ್ಪು ಯಾರದೆಂದು ಹುಡುಕುವುದು ಸುಲಭವಿರಲಿಲ್ಲ, ಏಕೆಂದರೆ ಸಚಿವರೊಡನೆ ನಡೆಸಿದ ಎಷ್ಟೋ ಸಭೆಗಳ ನಡಾವಳಿಯನ್ನು ಬರೆದಿಡುವ ಪದ್ಧತಿಯನ್ನೇ ಬಿಡಲಾಗಿತ್ತು. ಬರೆದಿಟ್ಟರೆ ಮಾಹಿತಿ ಹಕ್ಕಿನಡಿ ಜನ ಕೇಳಿಬಿಡುತ್ತಾರೆಂಬ ಮುಂದಾಲೋಚನೆ ಅದರ ಹಿಂದಿತ್ತೆಂದು ನಾಗರಿಕ ಸೇವೆಯ ಮುಖ್ಯಸ್ಥರೇ ಆಯೋಗಕ್ಕೆ ವಿವರಿಸಿದ್ದರು. ಇಡೀ ಯೋಜನೆಯಲ್ಲಿ ಮಿತವ್ಯಯ ಕಂಡುಬಂದದ್ದು ಕಾಗದದ ಬಳಕೆಯಲ್ಲಿ ಮಾತ್ರ.